ಮುಚ್ಚಳಿಕೆಯ ವಿಚಾರಣೆ: ಬೆಳಗಾವಿಯ ಭಾಷಣವೂ ೧೯೧೬ರ ತಿಲಕರ ಜಾಮೀನು ಪ್ರಕರಣವೂ

ದಂಡನ್ಯಾಯದ ಸಾಮಾನ್ಯ ಕ್ರಮವು ನಡೆದುಹೋದ ಕೃತ್ಯವೊಂದರಿಂದ ಆರಂಭವಾಗುತ್ತದೆ. ಕಳವು ನಡೆದ ಮೇಲೆ ಕಳ್ಳನನ್ನು ಹುಡುಕುವುದು, ಸಾಕ್ಷ್ಯವನ್ನು ಕಲೆಹಾಕುವುದು, ನ್ಯಾಯಸ್ಥಾನದ ಮುಂದೆ ನಿಲ್ಲಿಸುವುದು, ತಪ್ಪು ಸಿದ್ಧವಾದರೆ ಶಿಕ್ಷಿಸುವುದು, ಇದು ಎಲ್ಲರೂ ಬಲ್ಲ ಸಂಗತಿ. ಆದರೆ ಇದರ ಪಕ್ಕದಲ್ಲಿಯೇ ಇನ್ನೊಂದು ಕ್ರಮವೂ ಬಹುಕಾಲದಿಂದ ನಡೆದುಬಂದಿದೆ. ಅಪರಾಧವು ಮುಂದೆ ನಡೆಯಬಹುದೆಂಬ ಶಂಕೆಯ ಮೇಲೆ ಒಬ್ಬನನ್ನು ಕರೆಸಿ, ಇಂತಿಷ್ಟು ಕಾಲ ಶಾಂತಿಯಿಂದ ಅಥವಾ ಸನ್ನಡತೆಯಿಂದ ಇರುವುದಾಗಿ ಮುಚ್ಚಳಿಕೆ ಬರೆಸಿಕೊಳ್ಳುವುದು. ಮಾತಿಗೆ ತಪ್ಪಿದರೆ ಇಂತಿಷ್ಟು ಹಣ ಮುಟ್ಟುಗೋಲಾಗುವುದೆಂದು ವಿಧಿಸುವುದು. ಅವನ ಪರವಾಗಿ ಹೊಣೆ ನಿಲ್ಲುವ ಜಾಮೀನುದಾರರನ್ನು ಕೇಳುವುದು. ಜಾಮೀನು ಕೊಡದಿದ್ದರೆ ಸೆರೆಮನೆಗೆ ಕಳುಹಿಸುವುದು. ಇಲ್ಲಿ ದಂಡನೆಯಿಲ್ಲ, ಕೇವಲ ತಡೆಯಿದೆ ಎಂದು ನ್ಯಾಯಶಾಸ್ತ್ರಜ್ಞರು ಹೇಳುತ್ತಾರೆ. ಆದರೆ ಜಾಮೀನು ದೊರೆಯದೆ ಸೆರೆಮನೆ ಸೇರಿದವನಿಗೆ ಈ ಭೇದವು ಎಷ್ಟುಮಟ್ಟಿಗೆ ಸಮಾಧಾನ ತರಬಲ್ಲುದೆಂಬುದು ಬೇರೆಯ ಪ್ರಶ್ನೆ.

ಈ ಕ್ರಮದ ಸ್ವರೂಪವನ್ನು ಒಂದು ನಿರ್ದಿಷ್ಟ ಪ್ರಕರಣದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ೧೯೧೬ರಲ್ಲಿ ಬಾಲಗಂಗಾಧರ ತಿಲಕರ ಮೇಲೆ ಪುಣೆಯಲ್ಲಿ ನಡೆದ ಜಾಮೀನು ವಿಚಾರಣೆಯೇ ಆ ಪ್ರಕರಣ. ತಿಲಕರ ೧೮೯೭ರ ಹಾಗೂ ೧೯೦೮ರ ರಾಜದ್ರೋಹದ ಮೊಕದ್ದಮೆಗಳು ನಮ್ಮ ವಿದ್ಯಾರ್ಥಿಗಳಿಗೆ ಚೆನ್ನಾಗಿ ಪರಿಚಿತವಾಗಿವೆ. ೧೯೧೬ರ ಪ್ರಕರಣವು ಮಾತ್ರ ಪಠ್ಯಪುಸ್ತಕಗಳಲ್ಲಿ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುತ್ತದೆ; ಅದೂ ತಿಲಕರ ವಿಜಯವೆಂದು ಮಾತ್ರ. ಆ ವಿಜಯದ ಮಿತಿಯೇನು, ಅದರ ಪರಿಣಾಮವೇನು ಎಂಬುದನ್ನು ವಿವೇಚಿಸಿದರೆ, ತಡೆಯ ನ್ಯಾಯದಲ್ಲಿ ವಿಚಾರಣೆಯೆಂಬ ಅಂಗಕ್ಕೆ ಇರುವ ಬೆಲೆ ನಮಗೆ ಮನವರಿಕೆಯಾಗುತ್ತದೆ.

೧. ಮುಚ್ಚಳಿಕೆಯ ಪೂರ್ವೇತಿಹಾಸ

ಈ ಪದ್ಧತಿಯ ಬೇರು ಇಂಗ್ಲೆಂಡಿನಲ್ಲಿದೆ. ಮೂರನೆಯ ಎಡ್ವರ್ಡನ ಕಾಲದಲ್ಲಿ, ೧೩೬೧ರಲ್ಲಿ, ಶಾಂತಿಪಾಲಕ ನ್ಯಾಯಾಧಿಪತಿಗಳಿಗೆ ಸಂಬಂಧಿಸಿದಂತೆ ಜಾರಿಗೆ ಬಂದ ಶಾಸನವು, ಒಳ್ಳೆಯ ಹೆಸರಿಲ್ಲದವರಿಂದ ಸನ್ನಡತೆಯ ಜಾಮೀನನ್ನು ಪಡೆಯುವ ಅಧಿಕಾರವನ್ನು ಅವರಿಗೆ ಕೊಟ್ಟಿತು. ಯುದ್ಧದಿಂದ ಮರಳಿದ ಸೈನಿಕರೂ ಅಲೆಮಾರಿಗಳೂ ದಾರಿಯಲ್ಲಿ ಹೋಗುವವರನ್ನು ಪೀಡಿಸುತ್ತಿದ್ದ ಕಾಲದ ಶಾಸನವದು. ಹದಿನೆಂಟನೆಯ ಶತಮಾನದಲ್ಲಿ ಬ್ಲ್ಯಾಕ್‌ಸ್ಟನ್ ಪಂಡಿತನು ತನ್ನ ಗ್ರಂಥದ ನಾಲ್ಕನೆಯ ಸಂಪುಟದಲ್ಲಿ ಅಪರಾಧ ನಿವಾರಣೆಗಾಗಿಯೇ ಒಂದು ಅಧ್ಯಾಯವನ್ನು ಮೀಸಲಾಗಿಟ್ಟು, ಶಿಕ್ಷೆಗಿಂತ ನಿವಾರಣೆಯೇ ಮೇಲೆಂದು ಈ ಪದ್ಧತಿಯನ್ನು ಪ್ರಶಂಸಿಸಿದನು.

ದಾರಿಗಳ್ಳರಿಗಾಗಿ ಹುಟ್ಟಿದ ಈ ಸಾಧನವು ಕಾಲಕ್ರಮದಲ್ಲಿ ರಾಜಕೀಯ ಭಾಷಣಕಾರರ ಕಡೆಗೂ ತಿರುಗಿತು. ೧೯೧೩ರಲ್ಲಿ ಲಂಡನಿನಲ್ಲಿ ಸ್ತ್ರೀಯರ ಮತಾಧಿಕಾರದ ಚಳುವಳಿಯನ್ನು ಬೆಂಬಲಿಸಿ ಮಾತನಾಡಿದ ಜಾರ್ಜ್ ಲ್ಯಾನ್ಸ್‌ಬರಿಯಿಂದ ಸನ್ನಡತೆಯ ಜಾಮೀನನ್ನು ಕೇಳಲಾಯಿತು. ಆತನು ಕೊಡಲೊಪ್ಪದೆ ಸೆರೆಮನೆಯನ್ನು ಸೇರಿ ಉಪವಾಸ ಕೈಗೊಂಡನು. ಆ ಆಜ್ಞೆಯನ್ನು ಉನ್ನತ ನ್ಯಾಯಾಲಯದಲ್ಲಿ ಪ್ರಶ್ನಿಸಿದಾಗ, ಇಂತಹ ಜಾಮೀನಿಗೆ ಯಾವನೋ ಒಬ್ಬ ನಿರ್ದಿಷ್ಟ ವ್ಯಕ್ತಿ ಭಯಗೊಂಡಿದ್ದಾನೆಂಬ ರುಜುವಾತು ಬೇಕಿಲ್ಲವೆಂದು ೧೯೧೪ರಲ್ಲಿ ತೀರ್ಪಾಯಿತು. ತಿಲಕರ ಪ್ರಕರಣಕ್ಕೆ ಕೇವಲ ಎರಡು ವರ್ಷ ಹಿಂದಿನ ಮಾತಿದು.

ಭಾರತದಲ್ಲಿ ಈ ಪದ್ಧತಿಯನ್ನು ದಂಡ ಪ್ರಕ್ರಿಯಾ ಸಂಹಿತೆಯು ಕ್ರಮಬದ್ಧಗೊಳಿಸಿತು. ೧೮೬೧, ೧೮೭೨, ೧೮೮೨ ಹಾಗೂ ೧೮೯೮ರ ಸಂಹಿತೆಗಳಲ್ಲಿ ಅದು ಹಂತಹಂತವಾಗಿ ಬೆಳೆದುದನ್ನು ಕಾಣಬಹುದು. ೧೮೯೮ರ ಸಂಹಿತೆಯ ಎಂಟನೆಯ ಅಧ್ಯಾಯದ ವಿಭಾಗಗಳು ಹೀಗಿವೆ: ೧೦೭ನೆಯ ಪ್ರಕರಣವು ಶಾಂತಿಭಂಗದ ಸಂಭವವನ್ನು ಕುರಿತದ್ದು, ೧೦೯ನೆಯದು ಅಲೆಮಾರಿಗಳನ್ನೂ ಸಂದೇಹಾಸ್ಪದ ವ್ಯಕ್ತಿಗಳನ್ನೂ ಕುರಿತದ್ದು, ೧೧೦ನೆಯದು ರೂಢಿಗತ ಅಪರಾಧಿಗಳನ್ನು ಕುರಿತದ್ದು. ಇವುಗಳ ನಡುವೆ ೧೦೮ನೆಯ ಪ್ರಕರಣವು ರಾಜದ್ರೋಹದ ವಿಷಯವನ್ನು ಬಾಯಿಮಾತಿನಿಂದಾಗಲಿ ಬರಹದಿಂದಾಗಲಿ ಹರಡುವವರಿಂದ ಒಂದು ವರ್ಷ ಮೀರದ ಅವಧಿಗೆ ಸನ್ನಡತೆಯ ಮುಚ್ಚಳಿಕೆಯನ್ನು ಪಡೆಯುವುದಕ್ಕೆ ಅವಕಾಶ ಮಾಡಿತು. ಅದೇ ವರ್ಷದಲ್ಲಿಯೇ ದಂಡ ಸಂಹಿತೆಯ ೧೨೪-ಎ ಪ್ರಕರಣವು ವಿಸ್ತಾರಗೊಂಡಿತೆಂಬುದನ್ನು ಗಮನಿಸಬೇಕು. ತಿಲಕರ ೧೮೯೭ರ ಮೊಕದ್ದಮೆಯ ಮರುವರ್ಷವೇ ಸರ್ಕಾರವು ಶಿಕ್ಷೆಯ ಕತ್ತಿಯನ್ನೂ ತಡೆಯ ಹಗ್ಗವನ್ನೂ ಜೊತೆಯಾಗಿ ಸಿದ್ಧಗೊಳಿಸಿಕೊಂಡಿತು.

೨. ಬೆಳಗಾವಿಯಿಂದ ಪುಣೆಗೆ

ಮಂಡಾಲೆಯ ಆರು ವರ್ಷಗಳ ಶಿಕ್ಷೆಯನ್ನು ಮುಗಿಸಿ ತಿಲಕರು ೧೯೧೪ರ ಜೂನ್ ತಿಂಗಳಲ್ಲಿ ಬಿಡುಗಡೆಯಾದರು. ಎರಡು ವರ್ಷಗಳ ತರುವಾಯ, ೧೯೧೬ರ ಏಪ್ರಿಲ್ ಕೊನೆಯಲ್ಲಿ, ಮುಂಬಯಿ ಪ್ರಾಂತಿಕ ಪರಿಷತ್ತು ಬೆಳಗಾವಿಯಲ್ಲಿ ಸೇರಿತು. ಆ ಸಂದರ್ಭದಲ್ಲಿಯೇ ಏಪ್ರಿಲ್ ೨೮ರಂದು ತಿಲಕರ ಹೋಂರೂಲ್ ಲೀಗು ಸ್ಥಾಪನೆಯಾಯಿತು. ಜೋಸೆಫ್ ಬ್ಯಾಪ್ಟಿಸ್ಟಾ ಅದರ ಅಧ್ಯಕ್ಷರಾದರು; ನ. ಚಿಂ. ಕೇಳಕರರು ಕಾರ್ಯದರ್ಶಿಗಳಾದರು. ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳೂ ಈ ಲೀಗಿನ ಕಾರ್ಯಕ್ಷೇತ್ರದೊಳಗೆ ಸೇರಿದ್ದವು. ಗಂಗಾಧರರಾವ್ ದೇಶಪಾಂಡೆಯವರು ಬೆಳಗಾವಿಯಲ್ಲಿ ತಿಲಕರ ಬಲಗೈಯಂತಿದ್ದರು. ಆಲೂರ ವೆಂಕಟರಾಯರು ತಿಲಕರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದರು. ಆದುದರಿಂದ ಈ ಪ್ರಕರಣದ ಮೊದಲ ಅಂಕವು ಕರ್ನಾಟಕದ ನೆಲದಲ್ಲಿಯೇ ನಡೆಯಿತೆಂಬುದನ್ನು ನಾವು ಮರೆಯಬಾರದು.

ಮೇ ೧ರಂದು ತಿಲಕರು ಬೆಳಗಾವಿಯಲ್ಲಿ ಸ್ವರಾಜ್ಯವನ್ನು ಕುರಿತು ಭಾಷಣ ಮಾಡಿದರು. ಅನಂತರ ಮೇ ೩೧ ಹಾಗೂ ಜೂನ್ ೧ರಂದು ಅಹಮದನಗರದಲ್ಲಿ ಎರಡು ಭಾಷಣಗಳನ್ನು ಮಾಡಿದರು. ಮೂರೂ ಮರಾಠಿಯವು. ಅವುಗಳ ವಾದಸರಣಿಯನ್ನು ಸಂಗ್ರಹವಾಗಿ ಹೀಗೆ ಹೇಳಬಹುದು: ಚಕ್ರವರ್ತಿಯ ಪ್ರಭುತ್ವ ಬೇರೆ, ಅವನ ಹೆಸರಿನಲ್ಲಿ ಆಡಳಿತ ನಡೆಸುವ ಅಧಿಕಾರಿವರ್ಗ ಬೇರೆ; ಪ್ರಭುತ್ವವನ್ನು ನಾವು ಪ್ರಶ್ನಿಸುವುದಿಲ್ಲ; ಆದರೆ ಆಡಳಿತದ ಅಧಿಕಾರವು ಅಧಿಕಾರಿವರ್ಗದ ಕೈಯಿಂದ ಜನರ ಕೈಗೆ ಬರಬೇಕು. ಈ ಭೇದವು ಭಾಷಣದ ಅಲಂಕಾರವಷ್ಟೇ ಅಲ್ಲ. ಎರಡು ಸಲ ರಾಜದ್ರೋಹದ ಶಿಕ್ಷೆಯನ್ನು ಅನುಭವಿಸಿದ್ದ ತಿಲಕರು ಕಾನೂನಿನ ಗೆರೆಯನ್ನು ಬಲ್ಲವರಾಗಿ ಆ ಗೆರೆಯ ಈಚೆಗೆ ನಿಂತೇ ಮಾತನಾಡಿದರೆಂದು ತಿಳಿಯುವುದು ಯುಕ್ತ.

೧೯೧೬ರ ಜುಲೈ ೨೩ ತಿಲಕರ ಜನ್ಮದಿನ. ಅವರಿಗೆ ಅರವತ್ತು ತುಂಬಿತು. ಅಭಿಮಾನಿಗಳು ಒಂದು ಲಕ್ಷ ರೂಪಾಯಿಗಳ ನಿಧಿಯನ್ನು ಅವರಿಗೆ ಅರ್ಪಿಸಿದರು. ತಿಲಕರು ಅದನ್ನು ತಮಗಾಗಿ ಇಟ್ಟುಕೊಳ್ಳದೆ ದೇಶಕಾರ್ಯಕ್ಕೆ ಬಿಟ್ಟರು. ಅದೇ ದಿನ ಪೊಲೀಸ್ ಅಧಿಕಾರಿಯೊಬ್ಬನು ಬಂದು ಪುಣೆಯ ಜಿಲ್ಲಾ ಮ್ಯಾಜಿಸ್ಟ್ರೇಟರ ನೋಟೀಸನ್ನು ಅವರಿಗೆ ಕೊಟ್ಟನು. ಮೇಲ್ಕಂಡ ಮೂರು ಭಾಷಣಗಳಿಂದ ರಾಜದ್ರೋಹವನ್ನು ಹರಡಿರುವ ಕಾರಣ, ಒಂದು ವರ್ಷದವರೆಗೆ ಸನ್ನಡತೆಗಾಗಿ ೨೦,೦೦೦ ರೂಪಾಯಿಗಳ ಮುಚ್ಚಳಿಕೆಯನ್ನೂ, ತಲಾ ೧೦,೦೦೦ ರೂಪಾಯಿಗಳಿಗೆ ಇಬ್ಬರು ಜಾಮೀನುದಾರರನ್ನೂ ಏಕೆ ಕೇಳಬಾರದೆಂಬುದಕ್ಕೆ ಕಾರಣ ತೋರಿಸಬೇಕೆಂಬುದು ಅದರ ಸಾರಾಂಶ.

೩. ಶಿಕ್ಷೆಯನ್ನು ಬಿಟ್ಟು ಮುಚ್ಚಳಿಕೆಯನ್ನು ಆರಿಸಿದುದೇಕೆ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಭಾಷಣಗಳು ನಿಜವಾಗಿಯೂ ರಾಜದ್ರೋಹದವೆಂದು ಸರ್ಕಾರ ನಂಬಿದ್ದರೆ, ೧೨೪-ಎ ಪ್ರಕರಣದ ಕೆಳಗೆ ನೇರವಾಗಿ ಮೊಕದ್ದಮೆ ಹೂಡಬಹುದಾಗಿತ್ತು. ಹಾಗೆ ಮಾಡದೆ ೧೦೮ನೆಯ ಪ್ರಕರಣವನ್ನು ಆಶ್ರಯಿಸಿದುದೇಕೆ? ಸಂಹಿತೆಯ ಉಪಬಂಧಗಳನ್ನು ಒಂದೊಂದಾಗಿ ನೋಡಿದರೆ ಉತ್ತರವನ್ನು ಊಹಿಸಬಹುದು.

ಮೊದಲನೆಯದಾಗಿ, ೧೯೦೮ರ ಶಿಕ್ಷೆಯು ತಿಲಕರನ್ನು ಕುಗ್ಗಿಸುವ ಬದಲು ಲೋಕಮಾನ್ಯರೆಂಬ ಅವರ ಬಿರುದನ್ನು ಗಟ್ಟಿಗೊಳಿಸಿತ್ತು. ಮಹಾಯುದ್ಧದ ನಡುವೆ ಅಂತಹದೇ ಇನ್ನೊಂದು ಸನ್ನಿವೇಶವನ್ನು ತಂದುಕೊಳ್ಳುವುದು ಸರ್ಕಾರಕ್ಕೆ ಹಿತಕರವಾಗಿರಲಿಲ್ಲ. ಮುಚ್ಚಳಿಕೆಯಲ್ಲಾದರೆ ಸೆರೆಮನೆಯೂ ಇಲ್ಲ, ಹುತಾತ್ಮತೆಯೂ ಇಲ್ಲ. ಆದರೂ ಬಾಯಿಗೆ ಬೀಗ ಬೀಳುತ್ತದೆ.

ಎರಡನೆಯದಾಗಿ, ಸನ್ನಡತೆಯ ಮುಚ್ಚಳಿಕೆಯು ಬರೆದ ಅಕ್ಷರಗಳಿಗಿಂತ ವಿಶಾಲವಾದುದು. ಸಂಹಿತೆಯ ೧೨೧ನೆಯ ಪ್ರಕರಣದಂತೆ, ಸೆರೆವಾಸಕ್ಕೆ ಅರ್ಹವಾದ ಯಾವುದೇ ಅಪರಾಧವನ್ನು ಎಲ್ಲಿಯೇ ಮಾಡಿದರೂ, ಮಾಡಲು ಯತ್ನಿಸಿದರೂ, ಮುಚ್ಚಳಿಕೆ ಭಂಗವಾದಂತೆಯೇ. ಭಾಷಣವೊಂದಕ್ಕಾಗಿ ಬರೆದುಕೊಟ್ಟ ಕಾಗದವು ವರ್ಷವಿಡೀ ನಡೆನುಡಿಗಳ ಮೇಲೆಲ್ಲ ತೂಗುತ್ತಿರುತ್ತದೆ.

ಮೂರನೆಯದಾಗಿ, ಹಣದ ಹೊರೆ ಒಬ್ಬನ ಮೇಲೆ ಮಾತ್ರ ಬೀಳುವುದಿಲ್ಲ. ಜಾಮೀನುದಾರರಿಬ್ಬರ ಹತ್ತು ಹತ್ತು ಸಾವಿರವೂ ಸೇರಿ ಒಟ್ಟು ೪೦,೦೦೦ ರೂಪಾಯಿಗಳು ಪಣಕ್ಕೆ ನಿಲ್ಲುತ್ತವೆ. ತನ್ನ ಹಣವನ್ನು ಕಳೆದುಕೊಳ್ಳಲು ಸಿದ್ಧನಾದ ನಾಯಕನೂ ಮಿತ್ರರ ಮನೆ ಹಾಳಾಗುವುದನ್ನು ನೆನೆದು ನಾಲಗೆಯನ್ನು ಬಿಗಿಹಿಡಿಯುತ್ತಾನೆ. ಪ್ರಭುತ್ವಕ್ಕಿಂತ ಮೊದಲು ಸ್ನೇಹಿತರೇ ಅವನಿಗೆ ಕಾವಲುಗಾರರಾಗುತ್ತಾರೆ. ಈ ಪದ್ಧತಿಯ ಬಲದ ಮರ್ಮ ಇರುವುದು ಇಲ್ಲಿ.

ಕೊನೆಯದಾಗಿ, ವಿಚಾರಣೆ ನಡೆಸುವವರು ಜಿಲ್ಲಾ ಮ್ಯಾಜಿಸ್ಟ್ರೇಟರು. ಜಿಲ್ಲೆಯ ಶಾಂತಿಗೆ ಸರ್ಕಾರಕ್ಕೆ ಹೊಣೆಯಾದವರೂ ಅವರೇ. ಶಾಂತಿಗೆ ಭಂಗವಿದೆಯೆ ಎಂದು ತೀರ್ಮಾನಿಸುವವರೂ ಅವರೇ. ಕಾರ್ಯಾಂಗ ನ್ಯಾಯಾಂಗಗಳನ್ನು ಬೇರ್ಪಡಿಸಬೇಕೆಂದು ಕಾಂಗ್ರೆಸ್ಸು ತನ್ನ ಆರಂಭದ ವರ್ಷಗಳಿಂದಲೂ ಕೇಳುತ್ತಿದ್ದುದು ಇಂತಹ ಕಾರಣಗಳಿಗಾಗಿಯೇ.

೪. ವಿಚಾರಣೆ ಮತ್ತು ತೀರ್ಪು

ಇಷ್ಟಾದರೂ ಸಂಹಿತೆಯು ಒಂದು ನಿಯಮವನ್ನು ವಿಧಿಸಿತ್ತು: ವಿಚಾರಣೆಯಿಲ್ಲದೆ ಮುಚ್ಚಳಿಕೆಯಿಲ್ಲ. ಮ್ಯಾಜಿಸ್ಟ್ರೇಟರು ತಮಗೆ ಬಂದ ಮಾಹಿತಿಯ ಸಾರಾಂಶ, ಮುಚ್ಚಳಿಕೆಯ ಮೊತ್ತ, ಅವಧಿ, ಜಾಮೀನುದಾರರ ಸಂಖ್ಯೆ ಇವನ್ನು ಬರಹದಲ್ಲಿ ತಿಳಿಸಬೇಕು. ಅನಂತರ ಆ ಮಾಹಿತಿಯು ನಿಜವೆ ಎಂದು ಸಾಕ್ಷ್ಯದ ಮೂಲಕ ವಿಚಾರಿಸಬೇಕು. ಎದುರುಪಕ್ಷದವನಿಗೆ ವಕೀಲರನ್ನಿಟ್ಟುಕೊಳ್ಳುವ, ಪಾಟೀಸವಾಲು ಮಾಡುವ ಹಕ್ಕುಂಟು. ಮೊತ್ತವು ಮಿತಿಮೀರಿದ್ದಾಗಿರಬಾರದು. ಮಾಹಿತಿ ಸಿದ್ಧವಾಗದಿದ್ದರೆ ಅವನನ್ನು ಬಿಟ್ಟುಬಿಡಬೇಕು.

ಆಗಸ್ಟ್ ತಿಂಗಳಲ್ಲಿ ಪುಣೆಯಲ್ಲಿ ವಿಚಾರಣೆ ನಡೆಯಿತು. ತಿಲಕರ ಪರವಾಗಿ ಮಹಮದಾಲಿ ಜಿನ್ನಾ ಅವರು ವಾದಿಸಿದರು. ಮರಾಠಿಯ ಭಾಷಣಗಳ ಇಂಗ್ಲಿಷ್ ಅನುವಾದವೇ ವಾದಕ್ಕೆ ಆಧಾರವಾಗಿತ್ತು. ತಿಲಕರ ಮಾತು ಇನ್ನೊಬ್ಬರ ಭಾಷೆಯ ಮೂಲಕ ತೂಗಲ್ಪಟ್ಟಿತು. ಮ್ಯಾಜಿಸ್ಟ್ರೇಟರು ಸರ್ಕಾರದ ಪಕ್ಷವನ್ನೇ ಒಪ್ಪಿ, ನೋಟೀಸಿನಲ್ಲಿದ್ದಂತೆಯೇ ಮುಚ್ಚಳಿಕೆಯನ್ನು ಕೊಡುವಂತೆ ಆಜ್ಞೆ ಮಾಡಿದರು. ಇದರ ವಿರುದ್ಧ ಮುಂಬಯಿ ಹೈಕೋರ್ಟಿನಲ್ಲಿ ಪುನರವಲೋಕನದ ಅರ್ಜಿ ಸಲ್ಲಿಸಲಾಯಿತು. ನ್ಯಾಯಮೂರ್ತಿಗಳಾದ ಬ್ಯಾಚಲರ್ ಹಾಗೂ ಶಾಹ ಇವರು ಅದನ್ನು ಆಲಿಸಿ, ೧೯೧೬ರ ನವೆಂಬರ್ ೯ರಂದು ಮ್ಯಾಜಿಸ್ಟ್ರೇಟರ ಆಜ್ಞೆಯನ್ನು ರದ್ದುಗೊಳಿಸಿದರು.

ಈ ತೀರ್ಪಿನಲ್ಲಿ ಎರಡು ಅಂಶಗಳನ್ನು ಬೇರೆಬೇರೆಯಾಗಿ ಗ್ರಹಿಸಬೇಕು. ಅಧಿಕಾರಿವರ್ಗವನ್ನು ಟೀಕಿಸುವುದು ಸರ್ಕಾರವನ್ನು ಟೀಕಿಸಿದಂತಲ್ಲವೆಂಬ ವಾದವನ್ನು ನ್ಯಾಯಮೂರ್ತಿ ಬ್ಯಾಚಲರರು ಇಡಿಯಾಗಿ ಒಪ್ಪಲಿಲ್ಲ. ಸರ್ಕಾರವು ಮನುಷ್ಯರ ಮೂಲಕವೇ ಕೆಲಸ ಮಾಡುತ್ತದೆ. ಸಿವಿಲ್ ಸರ್ವಿಸ್ಸನ್ನು ಒಟ್ಟಾಗಿ ನಿಂದಿಸಿದಾಗ ಅದು ಸರ್ಕಾರದ ಮೇಲೆ ಅಪ್ರೀತಿಯನ್ನು ಹುಟ್ಟಿಸುತ್ತದೆಯೆ ಇಲ್ಲವೆ ಎಂಬುದು ಆಯಾ ಸಂದರ್ಭದ ಸಂಗತಿಗಳನ್ನು ಅವಲಂಬಿಸಿದೆ ಎಂಬುದು ಅವರ ಅಭಿಪ್ರಾಯ. ಎಂದರೆ ತಿಲಕರು ಎಚ್ಚರಿಕೆಯಿಂದ ಕಟ್ಟಿದ್ದ ತಾತ್ತ್ವಿಕ ಗೋಡೆಯನ್ನು ನ್ಯಾಯಾಲಯವು ಒಪ್ಪಿಕೊಳ್ಳಲಿಲ್ಲ. ಆದರೆ ಭಾಷಣಗಳನ್ನು ಬಿಡಿವಾಕ್ಯಗಳಾಗಿ ಹರಿದು ನೋಡದೆ ಒಟ್ಟಾಗಿ, ನಿಷ್ಪಕ್ಷಪಾತವಾಗಿ ಓದಿದರೆ, ಅವುಗಳ ಸಾಮಾನ್ಯ ಪರಿಣಾಮವು ಆಡಳಿತದಲ್ಲಿ ಬದಲಾವಣೆಯನ್ನು ಕೇಳುವುದೇ ಹೊರತು ದ್ವೇಷವನ್ನು ಕೆರಳಿಸುವುದಲ್ಲವೆಂದು ತೀರ್ಮಾನವಾಯಿತು. ಅಲ್ಲಲ್ಲಿ ಆಕ್ಷೇಪಾರ್ಹ ಮಾತುಗಳಿದ್ದರೂ ಒಟ್ಟು ಭಾಷಣವು ೧೦೮ನೆಯ ಪ್ರಕರಣದ ವ್ಯಾಪ್ತಿಗೆ ಬರಲಿಲ್ಲ.

ಆದುದರಿಂದ ಪ್ರಕರಣದ ಕಾನೂನು ಹಾಗೆಯೇ ಉಳಿಯಿತು. ಅದರ ಹಿಡಿತದಿಂದ ಈ ಮೂರು ಭಾಷಣಗಳು ಮಾತ್ರ ಪಾರಾದವು. ಆದರೂ ಇತಿಹಾಸದ ದೃಷ್ಟಿಯಿಂದ ಫಲವು ಚಿಕ್ಕದಲ್ಲ. ಸ್ವರಾಜ್ಯವನ್ನು ಕೇಳುವುದೇ ರಾಜದ್ರೋಹವಲ್ಲವೆಂಬ ಭಾವನೆಗೆ ಹೈಕೋರ್ಟಿನ ಮುದ್ರೆ ದೊರೆತಂತಾಯಿತು. ಅದೇ ಡಿಸೆಂಬರಿನಲ್ಲಿ ಸೇರಿದ ಲಖನೌ ಕಾಂಗ್ರೆಸ್ಸಿಗೆ ತಿಲಕರು ಮುಚ್ಚಳಿಕೆಯ ಹಂಗಿಲ್ಲದೆ ಹೋದರು.

೫. ವಿಜಯದ ಮರುಮುಖ

ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ನಾವು ಇನ್ನೂ ಸ್ವಲ್ಪ ಮುಂದೆ ಹೋಗಬೇಕಾಗಿದೆ.

ಅದೇ ವರ್ಷ ಮದರಾಸಿನಲ್ಲಿ ಆನಿ ಬೆಸೆಂಟರ ‘ನ್ಯೂ ಇಂಡಿಯಾ’ ಪತ್ರಿಕೆಯಿಂದ ೧೯೧೦ರ ಮುದ್ರಣ ಶಾಸನದ ಮೇರೆಗೆ ೨,೦೦೦ ರೂಪಾಯಿಗಳ ಠೇವಣಿಯನ್ನು ಕೇಳಿ, ಆಗಸ್ಟಿನಲ್ಲಿ ಅದನ್ನು ಮುಟ್ಟುಗೋಲು ಹಾಕಿಕೊಂಡು, ಮತ್ತೆ ೧೦,೦೦೦ ರೂಪಾಯಿಗಳನ್ನು ಕೇಳಲಾಯಿತು. ಅಲ್ಲಿ ಮುಟ್ಟುಗೋಲಿಗೆ ಮೊದಲು ನ್ಯಾಯಾಲಯದ ವಿಚಾರಣೆಯಿರಲಿಲ್ಲ. ಸರ್ಕಾರದ ಆಜ್ಞೆಯೇ ಸಾಕಾಗಿತ್ತು. ಅನಂತರ ಹೈಕೋರ್ಟಿಗೆ ಹೋದರೂ ಬೆಸೆಂಟರಿಗೆ ಪರಿಹಾರ ದೊರೆಯಲಿಲ್ಲ. ಒಂದೇ ವರ್ಷ, ಒಂದೇ ಚಳುವಳಿ, ಎರಡು ಜಾಮೀನುಗಳು: ಒಂದರಲ್ಲಿ ವಿಚಾರಣೆ ಮೊದಲು, ಇನ್ನೊಂದರಲ್ಲಿ ಆಜ್ಞೆ ಮೊದಲು. ಫಲದಲ್ಲಿರುವ ಅಂತರವು ಕ್ರಮದಲ್ಲಿರುವ ಅಂತರದಿಂದಲೇ ಬಹುಮಟ್ಟಿಗೆ ಹುಟ್ಟಿತೆಂದು ನಮಗೆ ತೋರುತ್ತದೆ.

ಸರ್ಕಾರವೂ ಈ ಪಾಠವನ್ನು ತನ್ನದೇ ರೀತಿಯಲ್ಲಿ ಕಲಿಯಿತು. ೧೯೧೭ರ ಫೆಬ್ರವರಿಯಲ್ಲಿ ಪಂಜಾಬಿನ ಸರ್ಕಾರವು ತಿಲಕರಿಗೆ ತನ್ನ ಪ್ರಾಂತ್ಯದಲ್ಲಿ ಪ್ರವೇಶವಿಲ್ಲವೆಂದು ಆಜ್ಞೆ ಹೊರಡಿಸಿತು. ಜೂನ್ ತಿಂಗಳಲ್ಲಿ ಮದರಾಸು ಸರ್ಕಾರವು ಬೆಸೆಂಟರನ್ನು ನಿರ್ಬಂಧದಲ್ಲಿರಿಸಿತು. ಯುದ್ಧಕಾಲದ ಭಾರತ ರಕ್ಷಣಾ ಶಾಸನದ ಅಧಿಕಾರಗಳಿಗೆ ಸಾಕ್ಷ್ಯವೂ ಬೇಡ, ಪಾಟೀಸವಾಲೂ ಬೇಡ. ಯುದ್ಧ ಮುಗಿದ ಮೇಲೆ ಬಂದ ೧೯೧೯ರ ರೌಲಟ್ ಶಾಸನವಂತೂ ಇನ್ನೂ ಬೋಧಪ್ರದವಾಗಿದೆ. ಅದರ ಎರಡನೆಯ ಭಾಗದಲ್ಲಿ ಮುಚ್ಚಳಿಕೆಯು ಮತ್ತೆ ಕಾಣಿಸಿಕೊಳ್ಳುತ್ತದೆ: ಸಂಶಯಕ್ಕೆ ಒಳಗಾದವನಿಂದ ಒಂದು ವರ್ಷ ಮೀರದ ಅವಧಿಗೆ ಮುಚ್ಚಳಿಕೆಯನ್ನು ಪ್ರಾಂತ ಸರ್ಕಾರವೇ ಕೇಳಬಹುದು. ಆದರೆ ಈಗ ವಿಚಾರಣೆಯ ಸ್ಥಾನದಲ್ಲಿ ಮೂವರು ಸದಸ್ಯರ ತನಿಖಾ ಮಂಡಲಿ ಬಂದಿದೆ. ಅದು ಮುಚ್ಚಿದ ಬಾಗಿಲಿನ ಹಿಂದೆ ಕುಳಿತುಕೊಳ್ಳುತ್ತದೆ. ವಕೀಲರಿಗೆ ಅಲ್ಲಿ ಪ್ರವೇಶವಿಲ್ಲ. ಸಾಕ್ಷ್ಯದ ನಿಯಮಗಳು ಅದನ್ನು ಬಂಧಿಸುವುದಿಲ್ಲ. ಪುಣೆಯಲ್ಲಿ ತಿಲಕರಿಗೆ ಯಾವ ಯಾವ ಬಾಗಿಲುಗಳು ತೆರೆದಿದ್ದವೋ ಅವೆಲ್ಲವೂ ಇಲ್ಲಿ ಒಂದೊಂದಾಗಿ ಮುಚ್ಚಿಕೊಂಡಿವೆ. ತಿಲಕರ ಪ್ರಕರಣವೇ ಇದಕ್ಕೆ ಕಾರಣವೆಂದು ಹೇಳುವುದು ಅತ್ಯುಕ್ತಿಯಾದೀತು; ರೌಲಟ್ ಶಾಸನದ ಗುರಿ ಕ್ರಾಂತಿಕಾರಿಗಳಾಗಿದ್ದರು. ಆದರೆ ತೆರೆದ ವಿಚಾರಣೆಯಿರುವ ತಡೆಗಿಂತ ವಿಚಾರಣೆಯಿಲ್ಲದ ತಡೆಯೇ ಆಳುವವರಿಗೆ ಸುಲಭವೆಂಬ ಪ್ರವೃತ್ತಿ ಈ ಮೂರು ವರ್ಷಗಳಲ್ಲಿ ಸ್ಪಷ್ಟವಾಗಿದೆ. ಆ ಶಾಸನದ ವಿರುದ್ಧ ದೇಶವೇ ಎದ್ದುನಿಂತುದೂ, ಅದು ಬಳಕೆಗೆ ಬಾರದೆಯೇ ೧೯೨೨ರಲ್ಲಿ ರದ್ದಾದುದೂ ಎಲ್ಲರಿಗೂ ತಿಳಿದ ವಿಷಯ.

೬. ಉಪಸಂಹಾರ

ಸ್ವಾತಂತ್ರ್ಯಾನಂತರವೂ ಮುಚ್ಚಳಿಕೆಯ ಅಧ್ಯಾಯವು ಸಂಹಿತೆಯಲ್ಲಿ ಉಳಿಯಿತು. ಅದರ ಸಿಂಧುತ್ವವನ್ನು ಪ್ರಶ್ನಿಸಿದ ಮಧು ಲಿಮಯೆ ಅವರ ಪ್ರಕರಣದಲ್ಲಿ, ೧೯೭೦ರಲ್ಲಿ, ಸುಪ್ರೀಂ ಕೋರ್ಟು ಆ ಅಧ್ಯಾಯವನ್ನು ಎತ್ತಿಹಿಡಿಯಿತು. ಆದರೆ ಜೊತೆಗೆ ಒಂದು ಷರತ್ತನ್ನೂ ಗಟ್ಟಿಗೊಳಿಸಿತು: ಮಾಹಿತಿಯ ಸಾರಾಂಶವನ್ನು ತಿಳಿಸುವುದು ಬರಿಯ ಔಪಚಾರಿಕತೆಯಾಗಕೂಡದು, ಮಾಹಿತಿಯ ನಿಜಾನಿಜಗಳ ವಿಚಾರಣೆಯನ್ನು ಆರಂಭಿಸದೆ ತಾತ್ಕಾಲಿಕ ಮುಚ್ಚಳಿಕೆಯನ್ನು ಕೇಳಕೂಡದು. ೧೯೭೩ರ ಸಂಹಿತೆಯು ಇಂತಹ ವಿಚಾರಣೆಯು ಸಾಮಾನ್ಯವಾಗಿ ಆರು ತಿಂಗಳಲ್ಲಿ ಮುಗಿಯಬೇಕೆಂದು ಗೊತ್ತುಪಡಿಸಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಈ ಅಧ್ಯಾಯವು ೧೨೫ರಿಂದ ೧೪೩ರವರೆಗಿನ ಪ್ರಕರಣಗಳಾಗಿ ಮುಂದುವರಿದಿದೆ. ಹಳೆಯ ೧೦೮ನೆಯ ಪ್ರಕರಣದ ಸ್ಥಾನದಲ್ಲಿ ಈಗ ೧೨೭ನೆಯದು ನಿಂತಿದೆ. ಹೆಸರುಗಳೂ ಸಂಖ್ಯೆಗಳೂ ಬದಲಾದರೂ, ನಡೆಯದ ಅಪರಾಧಕ್ಕೆ ಹೊಣೆ ಕೇಳುವ ಅಧಿಕಾರವು ಮಾಯವಾಗಿಲ್ಲ.

ತಡೆಯ ಅಧಿಕಾರವೇ ಬೇಡವೆಂದು ವಾದಿಸುವುದು ನಮ್ಮ ಅಭಿಪ್ರಾಯವಲ್ಲ. ಎರಡು ಕೇರಿಗಳು ಹೊಡೆದಾಟಕ್ಕೆ ಸಿದ್ಧವಾಗಿ ನಿಂತಿರುವಾಗ ರಕ್ತ ಹರಿಯುವವರೆಗೆ ಕಾಯಬೇಕೆಂದು ಯಾರೂ ಹೇಳಲಾರರು. ಆದರೆ ಭವಿಷ್ಯಕ್ಕೆ ಸಾಕ್ಷಿಯಿಲ್ಲ. ನಡೆದ ಕೃತ್ಯಕ್ಕೆ ಕಂಡವರಿರುತ್ತಾರೆ. ನಡೆಯಬಹುದಾದ ಕೃತ್ಯಕ್ಕೆ ಶಂಕಿಸುವವರು ಮಾತ್ರ ಇರುತ್ತಾರೆ. ಆದುದರಿಂದ ಶಂಕೆಯನ್ನು ಪರೀಕ್ಷಿಸುವ ಬಹಿರಂಗ ವಿಚಾರಣೆಯೊಂದೇ ಇಲ್ಲಿ ಪ್ರಜೆಗಿರುವ ರಕ್ಷಣೆ. ಆ ವಿಚಾರಣೆ ಇದ್ದುದರಿಂದಲೇ ತಿಲಕರ ಭಾಷಣವು ಮೊದಲ ಬಾರಿಗೆ ಇಡಿಯಾಗಿ ಓದಲ್ಪಟ್ಟಿತು.

ಇನ್ನೊಂದು ಮಾತನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇವೆ. ತಿಲಕರಿಗೆ ಜಿನ್ನಾ ಅವರಂತಹ ನ್ಯಾಯವಾದಿ ದೊರೆತರು, ಹೈಕೋರ್ಟಿನ ಬಾಗಿಲು ದೊರೆಯಿತು, ಲಕ್ಷ ರೂಪಾಯಿ ಕೂಡಿಸಬಲ್ಲ ಅಭಿಮಾನಿಗಳೂ ಇದ್ದರು. ಅದೇ ಅಧ್ಯಾಯದ ೧೧೦ನೆಯ ಪ್ರಕರಣದ ಕೆಳಗೆ, ಊರಿನ ಜನರ ಸಾಮಾನ್ಯ ಅಭಿಪ್ರಾಯವೇ ಸಾಕ್ಷ್ಯವಾಗಿ ಸಲ್ಲುತ್ತಿದ್ದ ವಿಚಾರಣೆಗಳಲ್ಲಿ, ಹೊಣೆ ನಿಲ್ಲುವ ಒಬ್ಬ ಅನುಕೂಲಸ್ಥನೂ ಸಿಕ್ಕದೆ ಸೆರೆಮನೆ ಸೇರಿದ ಬಡವರ ಕಥೆಯನ್ನು ಯಾರೂ ಬರೆದಿಟ್ಟಿಲ್ಲ. ಮುಚ್ಚಳಿಕೆಯ ನಿಜವಾದ ಇತಿಹಾಸವು ಹೈಕೋರ್ಟಿನ ವರದಿಗಳಲ್ಲಿ ಎಷ್ಟಿದೆಯೋ ಅದಕ್ಕಿಂತ ಹೆಚ್ಚಾಗಿ ಮ್ಯಾಜಿಸ್ಟ್ರೇಟರ ಕಚೇರಿಗಳ ಕಡತಗಳಲ್ಲಿರಬೇಕು. ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳ ಅಂತಹ ಕಡತಗಳಲ್ಲಿ ಉಳಿದಿರುವಷ್ಟನ್ನಾದರೂ ನಮ್ಮ ವಿದ್ಯಾರ್ಥಿಗಳು ಹುಡುಕಿ ಓದಿದರೆ, ದೊಡ್ಡವರೊಬ್ಬರ ಪ್ರಕರಣದಿಂದ ನಾವು ಕಲಿತ ಪಾಠವು ಹೆಸರಿಲ್ಲದ ಅನೇಕರ ಬಾಳಿನಲ್ಲಿ ಎಷ್ಟರಮಟ್ಟಿಗೆ ಸತ್ಯವಾಗಿತ್ತೆಂಬುದು ತಿಳಿದುಬಂದೀತು.